ದಿನಕ್ಕೊಂದು ಗಿಡ: ಡಾ. ಹ್ಯೂ ಕ್ಲೆಗ್‌ಹಾರ್ನ್ ಅವರ ಜೀವನ

ಚಿಂತಾಮಣಿಯ ಸುತ್ತಲಿನ ಸೀಮೆಯಲ್ಲಿ ಸಂಚರಿಸುವವರಿಗೆ ಕೆಲವು ಗಿಡಗಳು ಎಲ್ಲೆಡೆಯೂ ಎದುರಾಗುತ್ತವೆ. ಬೆಟ್ಟಗಳ ಬುಡದಲ್ಲಿ ಬಣ್ಣದ ಹೂಗೊಂಚಲುಗಳ ಲಂಟಾನ, ಬೀಳು ಹೊಲಗಳಲ್ಲಿ ಬಿಳಿಯ ಹೂವಿನ ಕಾಂಗ್ರೆಸ್ ಗಿಡ, ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ, ಹಳೆಯ ಬೇಲಿಗಳಲ್ಲಿ ಕತ್ತಾಳೆ ಮತ್ತು ಪಾಪಾಸುಕಳ್ಳಿ. ಇವು ನಮ್ಮ ನೆಲದವೇ ಎಂದು ಭಾವಿಸುವಷ್ಟು ನಮಗೆ ಚಿರಪರಿಚಿತವಾಗಿವೆ. ಆದರೆ ಇವೆಲ್ಲವೂ ಅಮೆರಿಕ ಖಂಡಗಳ ಮೂಲದವು. ಇವುಗಳಲ್ಲಿ ಕೆಲವನ್ನು ಮನುಷ್ಯನೇ ಆದರದಿಂದ ಕರೆತಂದನು. ಕೆಲವು ಅವನಿಗೆ ತಿಳಿಯದಂತೆಯೇ ನುಸುಳಿ ಬಂದವು.

ಹೊರಗಿನಿಂದ ಬಂದ ಸಸ್ಯವೆಲ್ಲವೂ ಶತ್ರುವಲ್ಲ. ನಮ್ಮ ಸೀಮೆಯ ಜೀವಾಳವಾದ ರಾಗಿಯು ಪುರಾತನ ಕಾಲದಲ್ಲಿ ಆಫ್ರಿಕದಿಂದ ಬಂದ ಧಾನ್ಯ. ಮೆಣಸಿನಕಾಯಿ, ಟೊಮ್ಯಾಟೊ, ಕಡಲೆಕಾಯಿಗಳು ಅಮೆರಿಕದವು. ರೈತನು ಬಿತ್ತಿದ ಪಾತಿಯಲ್ಲಿಯೇ ನಿಲ್ಲುವ ಸಸ್ಯ ಅತಿಥಿ. ಯಾರೂ ಬಿತ್ತದೆ ಪರರ ನೆಲಕ್ಕೆ ನುಗ್ಗಿ, ಅಲ್ಲಿದ್ದ ಹುಲ್ಲನ್ನೂ ಗಿಡಗಳನ್ನೂ ಹೊರದೂಡುವ ಸಸ್ಯ ಆಕ್ರಮಣಕಾರಿ. ಈ ಭೇದವನ್ನು ಅರಿಯಲು ಸಸ್ಯದ ಸ್ವಭಾವವನ್ನು ಸಮೀಪದಿಂದ ನೋಡಬೇಕು. ಹಾಗೆ ನೋಡುವುದನ್ನೇ ನಿತ್ಯವ್ರತವಾಗಿ ಕೈಗೊಂಡ ಓರ್ವ ವೈದ್ಯರು ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿದ್ದರು. ಅವರೇ ಭಾರತದ ಅರಣ್ಯ ಸಂರಕ್ಷಣೆಯ ಆದ್ಯರಲ್ಲಿ ಒಬ್ಬರಾದ ಡಾ. ಹ್ಯೂ ಕ್ಲೆಗ್‌ಹಾರ್ನ್. ಅವರ ಜೀವನದಿಂದ ನಾವು ಕಲಿಯತಕ್ಕ ಪಾಠ ಬಹಳವಿದೆ. ಅವರ ಕಾಲದ ತಪ್ಪುಗಳಿಂದ ಕಲಿಯತಕ್ಕುದೂ ಇದೆ.

ಕ್ಲೆಗ್‌ಹಾರ್ನ್ ಅವರು 1820ರ ಆಗಸ್ಟ್ 9ರಂದು ಮದರಾಸಿನಲ್ಲಿ ಜನಿಸಿದರು. ಅವರ ತಂದೆ ಅಲ್ಲಿ ಸೇವೆಯಲ್ಲಿದ್ದ ಸ್ಕಾಟ್ಲೆಂಡಿನವರು. ಬಾಲ್ಯದಲ್ಲಿಯೇ ಬಾಲಕನನ್ನು ಸ್ಕಾಟ್ಲೆಂಡಿಗೆ ಕಳುಹಿಸಲಾಯಿತು. ಅಲ್ಲಿ ಅಜ್ಜನ ಆಸರೆಯಲ್ಲಿ, ಸ್ಟ್ರಾವಿಥಿ ಎಂಬ ಗ್ರಾಮೀಣ ಪರಿಸರದಲ್ಲಿ ಬೆಳೆದ ಅವರಿಗೆ ಹೊಲ, ತೋಟ, ಮರಗಳ ಮೇಲಿನ ಪ್ರೀತಿ ಎಳವೆಯಲ್ಲಿಯೇ ಅಂಕುರಿಸಿತು. ಎಡಿನ್‌ಬರೊದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ 1841ರಲ್ಲಿ ಪದವಿ ಪಡೆದರು. ಔಷಧಗಳಲ್ಲಿ ಬಹುಪಾಲು ಗಿಡಮೂಲಿಕೆಗಳಿಂದ ದೊರೆಯುತ್ತಿದ್ದ ಆ ದಿನಗಳಲ್ಲಿ ವೈದ್ಯನಾಗುವವನು ಸಸ್ಯಶಾಸ್ತ್ರವನ್ನೂ ಕಲಿಯಬೇಕಾಗಿತ್ತು. ಮರುವರ್ಷವೇ ಅವರು ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯರಾಗಿ ತಾವು ಹುಟ್ಟಿದ ಊರಿಗೇ ಮರಳಿದರು.

1845ರ ಸುಮಾರಿಗೆ ಅವರು ಮೈಸೂರು ಕಮಿಷನ್ನಿನ ಸೇವೆಯಲ್ಲಿ ಶಿವಮೊಗ್ಗೆಗೆ ಬಂದರು. ಮಲೆನಾಡಿನ ಹೆಬ್ಬಾಗಿಲಾದ ಆ ಊರಿನಲ್ಲಿ ಅವರ ಬದುಕಿಗೆ ಹೊಸ ತಿರುವು ದೊರೆಯಿತು. ಕ್ಯೂ ಸಸ್ಯೋದ್ಯಾನದ ವಿಲಿಯಂ ಹೂಕರ್ ಅವರ ಸಲಹೆಯಂತೆ, ದಿನಕ್ಕೊಂದು ಗಿಡವನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತಾದರೂ ಅದನ್ನು ಪರಿಶೀಲಿಸುವ ನಿಯಮವನ್ನು ಅವರು ಹಾಕಿಕೊಂಡರು. ಒಬ್ಬ ಮರಾಠಿ ಕಲಾವಿದರನ್ನು ನೇಮಿಸಿಕೊಂಡು ಆ ಗಿಡಗಳ ಚಿತ್ರಗಳನ್ನು ಬರೆಯಿಸಿದರು. ಅಪರೂಪದ ಕಾಡುಗಿಡಗಳ ಜೊತೆಗೆ ಹಿತ್ತಲಿನ, ದಾರಿಬದಿಯ ಸಾಮಾನ್ಯ ಗಿಡಗಳೂ ಅವರ ಗಮನಕ್ಕೆ ಪಾತ್ರವಾದವು. ಯಾವುದನ್ನೂ ಕಳೆಯೆಂದು ಕಡೆಗಣಿಸದೆ ನೋಡಿದ್ದು ಅವರ ಹಿರಿಮೆ.

ಕಾಡುಸೀಮೆಯ ಜ್ವರ ಅವರ ಆರೋಗ್ಯವನ್ನು ಕುಗ್ಗಿಸಿತು. 1848ರಲ್ಲಿ ಅವರು ರಜೆ ಪಡೆದು ಸ್ವದೇಶಕ್ಕೆ ತೆರಳಬೇಕಾಯಿತು. ಆ ವಿರಾಮದ ಕಾಲವೂ ವ್ಯರ್ಥವಾಗಲಿಲ್ಲ. 1850ರಲ್ಲಿ ಅವರು ಭಾರತದ ಬೇಲಿಗಿಡಗಳನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಯಾವ ನೆಲಕ್ಕೆ ಯಾವ ಬೇಲಿ ಹೊಂದುತ್ತದೆ, ಯಾವ ಉಪಯೋಗಕ್ಕೆ ಯಾವ ಗಿಡ ತಕ್ಕದ್ದು ಎಂಬುದು ಅದರ ವಿಷಯ. ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ತಂತಿಬೇಲಿಗಳಿಲ್ಲದ ಆ ಕಾಲದಲ್ಲಿ ರೈತನ ಪೈರು ದನಕರುಗಳ ಬಾಯಿಂದ ಉಳಿಯುವುದು ಮುಳ್ಳುಬೇಲಿಯ ಮೇಲೆಯೇ ನಿಂತಿತ್ತು. ಊರ ಕೋಟೆಗಳ ಸುತ್ತಲೂ ಮುಳ್ಳುಗಿಡಗಳ ದಟ್ಟ ಪಟ್ಟಿಗಳಿದ್ದವು. ನೀರು ಬೇಡದ, ದನ ಮೇಯದ, ಕತ್ತರಿಸಿ ಎಸೆದ ತುಂಡಿನಿಂದಲೂ ಬೇರೂರುವ ಗಿಡವೇ ಉತ್ತಮ ಬೇಲಿಯೆನಿಸಿಕೊಂಡಿತು. ಅದೇ ಗುಣಗಳು ಮುಂದೆ ಬೇಲಿಯನ್ನು ಹೊಲದೊಳಕ್ಕೆ ನಡೆಸಿದವು.

1851ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಮುಂದೆ ಅವರು ಉಷ್ಣವಲಯದ ಅರಣ್ಯನಾಶದ ಪರಿಣಾಮಗಳನ್ನು ಕುರಿತ ವರದಿಯನ್ನು ಮಂಡಿಸಿದರು. ಕಾಡು ಅಳಿದರೆ ಮರಮುಟ್ಟುಗಳ ಜೊತೆಗೆ ನೀರೂ ನೆಲವೂ ಕೈಬಿಡುತ್ತವೆಂಬ ಆತಂಕ ವಿದ್ವಾಂಸರಲ್ಲಿ ಬೆಳೆಯಲು ಆ ವರದಿ ನೆರವಾಯಿತು. ಭಾರತಕ್ಕೆ ಮರಳಿದ ಮೇಲೆ ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದಾಗ ಅದಕ್ಕೆ ಸಲಹೆ ನೀಡಿದವರೂ ಅವರೇ. ಸಸ್ಯವಿದ್ವಾಂಸರಾದ ರಾಬರ್ಟ್ ವೈಟ್ ಅವರು ಒಂದು ಸಸ್ಯಕುಲಕ್ಕೆ ಕ್ಲೆಗ್‌ಹಾರ್ನಿಯ ಎಂದು ಹೆಸರಿಟ್ಟು ಅವರನ್ನು ಗೌರವಿಸಿದ್ದಾರೆ.

1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯ ಹೊಣೆ ಅವರ ಹೆಗಲೇರಿತು. ರೈಲುಮಾರ್ಗಗಳಿಗೆ ಹಲಗೆ, ಉರುವಲು, ಹಡಗುಗಳಿಗೆ ತೇಗ ಎಂದು ಎಲ್ಲ ಕಡೆಯಿಂದಲೂ ಕೊಡಲಿ ಕಾಡಿನ ಮೇಲೆ ಎರಗಿದ್ದ ಕಾಲವದು. ಅವರು ಕಾಡುಗಳಲ್ಲಿ ಸಂಚರಿಸಿ, ಕಡಿತಕ್ಕೆ ಮಿತಿ ಹಾಕಿ, ನೆಡುತೋಪುಗಳನ್ನು ಬೆಳೆಸಿದರು. 1861ರಲ್ಲಿ ದಕ್ಷಿಣ ಭಾರತದ ಕಾಡುಗಳು ಮತ್ತು ಉದ್ಯಾನಗಳನ್ನು ಕುರಿತ ಅವರ ಗ್ರಂಥ ಹೊರಬಂದಿತು. ಕಾಡನ್ನು ಸುಟ್ಟು ಬೇಸಾಯ ಮಾಡುವ ಕುಮರಿ ಪದ್ಧತಿಯನ್ನು ಅವರು ವಿರೋಧಿಸಿದರು. 1860ರಲ್ಲಿ ಸರ್ಕಾರ ಅದನ್ನು ನಿರ್ಬಂಧಿಸಿತು. ಕಾಡಿಗೆ ಹಿತವೆಂದು ಮಾಡಿದ ಈ ಕಟ್ಟಳೆಯಿಂದ ಕಾಡನ್ನೇ ನಂಬಿದ್ದ ಬಡಜನರ ಬದುಕಿಗೆ ಕಷ್ಟವೊದಗಿತೆಂಬುದನ್ನೂ ಮರೆಯಲಾಗದು.

ಬಳಿಕ ಅವರು ಪಂಜಾಬು ಮತ್ತು ಪಶ್ಚಿಮ ಹಿಮಾಲಯದ ಕಾಡುಗಳನ್ನು ಪರಿಶೀಲಿಸಿ 1864ರಲ್ಲಿ ವರದಿ ನೀಡಿದರು. 1860ರ ದಶಕದ ಕೊನೆಯಲ್ಲಿ ನಿವೃತ್ತರಾಗಿ ಸ್ಟ್ರಾವಿಥಿಗೆ ಮರಳಿದರು. ಅಲ್ಲಿಯೂ ಅರಣ್ಯವಿದ್ಯೆಯ ಬೋಧನೆ ಬೆಳೆಯಲೆಂದು ಶ್ರಮಿಸುತ್ತ, 1895ರ ಮೇ 16ರಂದು ಕಾಲವಾದರು. ಶಿವಮೊಗ್ಗೆಯಲ್ಲಿ ಆರಂಭವಾದ ಚಿತ್ರಸಂಗ್ರಹ ಇಂದಿಗೂ ಎಡಿನ್‌ಬರೊದ ಸಸ್ಯೋದ್ಯಾನದಲ್ಲಿ ಸುರಕ್ಷಿತವಾಗಿದೆ.

ಅವರು ಬರೆದ ಬೇಲಿಗಿಡಗಳ ಕಥೆ ಮಾತ್ರ ಅವರೊಂದಿಗೆ ಮುಗಿಯಲಿಲ್ಲ. ಪಾಪಾಸುಕಳ್ಳಿಯ ಇತಿಹಾಸವನ್ನೇ ನೋಡಬಹುದು. ಕಿರಮಂಜಿ ಬಣ್ಣ ಕೊಡುವ ಕೊಚಿನೀಲ್ ಹುಳುವನ್ನು ಸಾಕಿ ಲಾಭ ಗಳಿಸುವ ಆಸೆಯಿಂದ ಕಂಪೆನಿಯವರು ಕಳ್ಳಿಯ ಕೃಷಿಗೆ ಕೈಹಾಕಿದರು. 1795ರಲ್ಲಿ ಬ್ರೆಜಿಲ್ಲಿನಿಂದ ಕಲ್ಕತ್ತೆಗೆ ಬಂದದ್ದು ಒಳ್ಳೆಯ ಬಣ್ಣ ಕೊಡದ ಬೇರೊಂದು ಜಾತಿಯ ಹುಳು. ವ್ಯಾಪಾರ ಕೈಗೂಡಲಿಲ್ಲ, ಆದರೆ ಆ ಹುಳು ಒಂದು ಜಾತಿಯ ಕಳ್ಳಿಯನ್ನು ಹೀರಿ ಒಣಗಿಸಿಬಿಟ್ಟಿತು. ಅದು ಮುಟ್ಟದ ಇನ್ನೊಂದು ಜಾತಿ ದಕ್ಷಿಣದ ಒಣಸೀಮೆಯಲ್ಲಿ ಹಬ್ಬುತ್ತಲೇ ಹೋಯಿತು. 1926ರಲ್ಲಿ ಸಿಂಹಳದಿಂದ ಅದಕ್ಕೆ ತಕ್ಕ ಹುಳುವನ್ನು ತಂದು ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಆ ಕಳ್ಳಿಯ ಹಾವಳಿ ತಗ್ಗಿತು. ತವರಿನಲ್ಲಿ ಗಿಡವನ್ನು ಹದ್ದಿನಲ್ಲಿಡುತ್ತಿದ್ದ ಶತ್ರು ಜೊತೆಯಲ್ಲಿ ಬಾರದಿದ್ದುದೇ ಅದರ ಅತಿವೃದ್ಧಿಗೆ ಮುಖ್ಯ ಕಾರಣವೆಂಬುದು ಇದರಿಂದ ಸ್ಪಷ್ಟವಾಯಿತು. ಕಾಂಗ್ರೆಸ್ ಗಿಡವನ್ನು ತಿನ್ನುವ ಮೆಕ್ಸಿಕೊದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು ಇದೇ ತತ್ತ್ವದ ಮೇಲೆ. ಮಳೆಗಾಲದಲ್ಲಿ ಅದು ಗಿಡವನ್ನು ಬೋಳಾಗಿಸುತ್ತದೆ. ಬೇಸಿಗೆಯಲ್ಲಿ ಮಣ್ಣಿನೊಳಗೆ ಅಡಗುತ್ತದೆ.

ಲಂಟಾನದ ಕಥೆ ಇನ್ನೂ ಜಟಿಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಉದ್ಯಾನಕ್ಕೆ ಬಂದ ಈ ಗಿಡ ಹಕ್ಕಿಗಳ ಮೂಲಕ ಬೀಜ ಹರಡಿ ಕಾಡುಗಳನ್ನೇ ಆವರಿಸಿತು. 1921ರಲ್ಲಿ ಹವಾಯಿಯಿಂದ ತಂದ ನೊಣದಿಂದಲೂ ಅದು ಬಗ್ಗಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ವರ್ಷದ ಆದಿಯಲ್ಲಿ ತರಗೆಲೆಗೆ ಮೆಲ್ಲನೆ ಇಡುತ್ತಿದ್ದ ಬೆಂಕಿ ನಿಂತುಹೋದ ಮೇಲೆ ಲಂಟಾನ ಹೆಚ್ಚಿತೆಂದು ಹೇಳುತ್ತಾರೆ. ಬೆಂಕಿಯೆಲ್ಲವೂ ಕಾಡಿಗೆ ಕೇಡೆಂದು ನಂಬಿದ ಅರಣ್ಯನೀತಿ ಈ ಅನುಭವದ ಮಾತಿಗೂ ಕಿವಿಗೊಡಬೇಕಾಗಿದೆ. ಕಾಡನ್ನು ಕಾಯಲು ಕಟ್ಟಳೆ ಬೇಕು. ಆದರೆ ಕಾಡನ್ನು ನಿತ್ಯ ನೋಡುವ ಕಣ್ಣುಗಳನ್ನು ಹೊರಗಿಟ್ಟರೆ ಕಟ್ಟಳೆ ಕುರುಡಾಗುತ್ತದೆ.

ಕ್ಲೆಗ್‌ಹಾರ್ನ್ ಅವರ ವ್ರತ ನಮ್ಮ ವಿದ್ಯಾರ್ಥಿಗಳಿಗೂ ಅಸಾಧ್ಯವಾದುದಲ್ಲ. ಶಾಲೆಗೆ ಬರುವ ದಾರಿಯಲ್ಲಿ ದಿನಕ್ಕೊಂದು ಗಿಡವನ್ನು ನಿಂತು ನೋಡುವುದು, ಹೊಸದೊಂದು ಗಿಡ ಕಾಣಿಸಿದರೆ ಹಿರಿಯರಿಗೆ ತಿಳಿಸುವುದು, ಕಾಂಗ್ರೆಸ್ ಗಿಡವನ್ನು ಹೂಬಿಡುವ ಮೊದಲೇ, ಕೈಗೆ ಬಟ್ಟೆ ಸುತ್ತಿಕೊಂಡು, ಹಿರಿಯರ ಜೊತೆಯಲ್ಲಿ ಬೇರುಸಹಿತ ಕೀಳುವುದು. ಹಾಗೆ ತೆರವಾದ ನೆಲವನ್ನು ಬರಿದಾಗಿ ಬಿಡದೆ ಹೊಂಗೆಯನ್ನೋ ಬೇವನ್ನೋ ನೆಡಬೇಕು. ಬರಿದಾದ ನೆಲವೇ ಆಕ್ರಮಣಕಾರಿಗೆ ಆಹ್ವಾನ. ನಮ್ಮ ಗೋಮಾಳಗಳೂ ಕೆರೆಗಳೂ ಉಳಿಯುವುದು ಇಂಥ ಎಚ್ಚರದಿಂದ. ನೋಡುವ ಕಣ್ಣು ನಮ್ಮದಾಗಲಿ ಎಂಬುದೇ ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಗೌರವ.