ಶೇಷಾದ್ರಿ ಅಯ್ಯರ್ ಕಲಿಸುವ ಲಾಭದ ಲೆಕ್ಕ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಶಿವನಸಮುದ್ರ, 1902, ಸರ್ ಕೆ. ಶೇಷಾದ್ರಿ ಅಯ್ಯರ್ ಎಂಬುದು ಬಾಯಿಪಾಠ. ಯಾದಗಿರಿ, ಶಹಾಪುರ, ಸುರಪುರದ ನಮ್ಮ ಹಿರಿಯರು ಆಗ ನಿಜಾಮರ ಆಳ್ವಿಕೆಯಲ್ಲಿದ್ದರು. ಹೀಗಾಗಿ ಮೈಸೂರಿನ ಈ ದಿವಾನರು ನಮಗೆ ಒಂದು ಅಂಕದ ಪ್ರಶ್ನೆಯಾಗಿಯೇ ಉಳಿದಿದ್ದಾರೆ. ಆದರೆ ವಿದ್ಯುತ್ ಕಂಪನಿಗೆ ಲಾಭ ಎಲ್ಲಿಂದ ಬರುತ್ತದೆ ಎಂಬುದನ್ನು ಅವರ ಕೆಲಸ ಚೆನ್ನಾಗಿ ಕಲಿಸುತ್ತದೆ.

1845ರಲ್ಲಿ ಪಾಲಕ್ಕಾಡ್ ಬಳಿ ಹುಟ್ಟಿದ ಅವರು 1868ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಪದವಿ ಪಡೆದರು. ಅದೇ ವರ್ಷ ರಂಗಾಚಾರ್ಲು ಅವರನ್ನು ಮೈಸೂರು ಸೇವೆಗೆ ಕರೆತಂದರು. ಮುಂದೆ ಕಾನೂನು ಪದವಿಯನ್ನೂ ಪಡೆದರು. ಅವರು ಎಂಜಿನಿಯರ್ ಆಗಿರಲಿಲ್ಲ. 1883ರಲ್ಲಿ ರಂಗಾಚಾರ್ಲು ತೀರಿಕೊಂಡಾಗ ದಿವಾನರಾಗಿ, 1901ರವರೆಗೆ ಆಡಳಿತ ನಡೆಸಿದರು. 1876-78ರ ಭೀಕರ ಬರದ ಸಾಲ ಸಂಸ್ಥಾನದ ತಲೆಯ ಮೇಲಿತ್ತು. ಹಾಗಾಗಿ ರೈಲುಮಾರ್ಗ, ಬೆಂಗಳೂರಿಗೆ ಹೆಸರಘಟ್ಟದ ನೀರು, ಮಾರಿಕಣಿವೆ ಅಣೆಕಟ್ಟು ಎಂದು ಕೆಲಸ ಕೈಗೆತ್ತಿಕೊಂಡಾಗಲೆಲ್ಲ ಖಜಾನೆಯ ಕಡೆಗೂ ಒಂದು ಕಣ್ಣಿಡಬೇಕಿತ್ತು.

ಕಾವೇರಿ ಜಲಪಾತದಿಂದ ವಿದ್ಯುತ್ ತೆಗೆಯುವ ಯೋಜನೆಯನ್ನು ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಮುಂದಿಟ್ಟಾಗ, ದಿವಾನರು ಅದರ ಬೆನ್ನಿಗೆ ನಿಂತರು. ಇಲ್ಲಿ ಒಂದು ಸಂಗತಿ ಗಮನಿಸಿ. ಮೊದಲ ವಿದ್ಯುತ್ ಹೋಗಿದ್ದು ಬೆಂಗಳೂರಿಗಲ್ಲ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಯಾಕೆ?

ವಿದ್ಯುತ್ ಮಾರಿ ಬಂದ ಹಣದಲ್ಲಿ, ಅದನ್ನು ಉತ್ಪಾದಿಸಲು ಅಥವಾ ಕೊಳ್ಳಲು ತಗುಲಿದ ನೇರ ಖರ್ಚು ಕಳೆದರೆ ಉಳಿಯುವುದೇ ಒಟ್ಟು ಲಾಭ. ಮಾರಾಟದ ಹಣದಲ್ಲಿ ಅದು ಶೇಕಡಾ ಎಷ್ಟು ಎಂಬುದೇ ಗ್ರಾಸ್ ಮಾರ್ಜಿನ್. ಜಲವಿದ್ಯುತ್ತಿಗೆ ಕಲ್ಲಿದ್ದಲು ಬೇಡ, ಬೀಳುವ ನೀರೇ ಇಂಧನ. ಹಾಗಾಗಿ ಮಾರ್ಜಿನ್ ದೊಡ್ಡದು. ಆದರೆ ಕಾಲುವೆ, ಪೈಪು, ಟರ್ಬೈನ್, ತಂತಿಮಾರ್ಗಕ್ಕೆ ಹಾಕಿದ ಬಂಡವಾಳದ ಬಡ್ಡಿ, ಸವಕಳಿ ಎಲ್ಲವೂ ಆ ಲಾಭದಿಂದಲೇ ಹೋಗಬೇಕು. ಯಂತ್ರ ನಿಂತರೂ ಬಡ್ಡಿ ನಿಲ್ಲುವುದಿಲ್ಲ. ಬೀದಿದೀಪ ಉರಿಯುವುದು ರಾತ್ರಿ ಮಾತ್ರ. ಗಣಿಯ ಯಂತ್ರಗಳಿಗೆ ಹಗಲೂ ರಾತ್ರಿಯೂ ಶಕ್ತಿ ಬೇಕು. ದೂರದಿಂದ ಕಲ್ಲಿದ್ದಲು ತರಿಸುತ್ತಿದ್ದ ಗಣಿ ಕಂಪನಿಗಳಿಗೆ ಅಗ್ಗದ ವಿದ್ಯುತ್ ಬೇಕಿತ್ತು, ಸಂಸ್ಥಾನಕ್ಕೆ ಬಿಡದೆ ಕೊಳ್ಳುವ ಗಿರಾಕಿ ಬೇಕಿತ್ತು.

ಯಂತ್ರಗಳು ಅಮೆರಿಕ, ಯುರೋಪಿನಿಂದ ಬಂದವು. ಎತ್ತು, ಆನೆಗಳು ಅವನ್ನು ಕಾಡುದಾರಿಯಲ್ಲಿ ಎಳೆದವು. 1902ರ ಜೂನ್ 30ರಂದು ವಿದ್ಯುತ್ ಗಣಿ ತಲುಪಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಅನಾರೋಗ್ಯದಿಂದ ನಿವೃತ್ತರಾಗಿ, 1901ರ ಸೆಪ್ಟೆಂಬರಿನಲ್ಲೇ ಅವರು ನಿಧನರಾಗಿದ್ದರು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ.

ಇಂದು ನಮ್ಮ ಮೂರೂ ತಾಲ್ಲೂಕಿಗೆ ಕರೆಂಟು ಕೊಡುವ ಜೆಸ್ಕಾಂ ವಿದ್ಯುತ್ತನ್ನು ಕೊಂಡು ಮಾರುವ ಕಂಪನಿ. ಅದರ ಅತಿದೊಡ್ಡ ಖರ್ಚು ಖರೀದಿಯೇ. ಸುಮ್ಮನೆ ಒಂದು ಲೆಕ್ಕ ಹಾಕೋಣ. ಯೂನಿಟ್‌ಗೆ 5 ರೂಪಾಯಿಯಂತೆ 100 ಯೂನಿಟ್ ಕೊಂಡರೆ ಖರ್ಚು 500 ರೂಪಾಯಿ. ದಾರಿಯಲ್ಲಿ 15 ಯೂನಿಟ್ ಸೋರಿ, ಉಳಿದ 85 ಯೂನಿಟ್ ಅನ್ನು 7 ರೂಪಾಯಿಯಂತೆ ಮಾರಿದರೆ ಬರುವುದು 595. ಒಟ್ಟು ಲಾಭ 95, ಮಾರ್ಜಿನ್ ಸುಮಾರು ಶೇ 16. ಸೋರಿಕೆಯನ್ನು 10 ಯೂನಿಟ್‌ಗೆ ಇಳಿಸಿದರೆ ಮಾರಾಟ 630, ಲಾಭ 130, ಮಾರ್ಜಿನ್ ಶೇ 20 ದಾಟುತ್ತದೆ. ದರ ಒಂದು ಪೈಸೆಯೂ ಏರಿಲ್ಲ! ಇನ್ನು ರೈತರ ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತಿನ ಹಣವನ್ನು ಸರ್ಕಾರ ಸಬ್ಸಿಡಿಯಾಗಿ ತುಂಬಬೇಕು. ಅದು ತಡವಾದರೆ ಪುಸ್ತಕದಲ್ಲಿ ಲಾಭವಿದ್ದರೂ ಕೈಯಲ್ಲಿ ಕಾಸಿರುವುದಿಲ್ಲ.

ಇಲೆಕ್ಟ್ರಿಕಲ್ ಓದುವ ನಾವು ಲೈನ್ ಲಾಸ್ ಎಂದರೆ ಒಂದು ಸೂತ್ರ ಅಂದುಕೊಳ್ಳುತ್ತೇವೆ. ಅದು ಕಂಪನಿಯ ಲಾಭ, ಮುಂದಿನ ದರ, ನಾಳಿನ ನೇಮಕಾತಿ ಎಲ್ಲವನ್ನೂ ಮುಟ್ಟುತ್ತದೆ. ಜೆಇ ಹುದ್ದೆಗೆ ತಯಾರಾಗುವ ಗೆಳೆಯರೇ, ಟ್ರಾನ್ಸ್‌ಫಾರ್ಮರ್ ಜತೆಗೆ ಬ್ಯಾಲೆನ್ಸ್ ಶೀಟನ್ನೂ ಓದೋಣ. ಕಾನೂನು ಓದಿದ ದಿವಾನರೊಬ್ಬರು ಎಂಜಿನಿಯರನ ಯೋಜನೆಯನ್ನು ಅರ್ಥ ಮಾಡಿಕೊಂಡರು. ಎಂಜಿನಿಯರ್ ಆಗಲಿರುವ ನಮಗೆ ಹಣದ ಲೆಕ್ಕ ಕಷ್ಟವಾಗಬಾರದು.