ಅಲಮೇಲಮ್ಮ ಮತ್ತು ಮರ್ದಿತರ ಮೊರೆ

ಹೊರಊರಿನಲ್ಲಿ ಕೊಳ್ಳೇಗಾಲದವರೆಂದು ಹೇಳಿಕೊಂಡಾಗ ಎದುರಿಗಿದ್ದವರ ಮುಖದಲ್ಲಿ ಮೂಡುವ ನಗೆ ನಿಮಗೂ ಪರಿಚಿತವೇ. ನಮ್ಮ ರೇಷ್ಮೆ ಸೀರೆಗಿಂತ ಮಾಟಮಂತ್ರದ ಹೆಸರೇ ಈ ಊರಿಗೆ ಹೆಚ್ಚು ಅಂಟಿಕೊಂಡಿದೆ. ಅವರ ಮಾತು ಹಾಗಿರಲಿ. ಕೊಳ್ಳೇಗಾಲ, ಹನೂರು, ಯಳಂದೂರುಗಳ ನಮ್ಮವರ ಮನೆಗಳಲ್ಲೂ ಮಗುವಿಗೆ ಜ್ವರ ಬಿಡದಿದ್ದರೆ, ಅಂಗಡಿಯ ವ್ಯಾಪಾರ ಕುಸಿದರೆ, ಮಾಟ ಮಾಡಿಸಿದವರು ಯಾರೆಂಬ ಹುಡುಕಾಟ ಆರಂಭವಾಗುವುದುಂಟು. ಸಂಶಯದ ಬೆರಳು ಕೊನೆಗೆ ಹೋಗಿ ನಿಲ್ಲುವುದೆಲ್ಲಿ? ಆಸ್ತಿಯಲ್ಲಿ ತನ್ನ ಪಾಲು ಕೇಳಿದ ವಿಧವೆ ಫುಪ್ಪುವಿನ ಮೇಲೆ! ಆದ್ದರಿಂದ ಹೊಳೆಯ ಆಚೆ ದಡದ ಒಬ್ಬ ವಿಧವೆಯ ಬದುಕನ್ನು ನಿಮ್ಮ ಮುಂದಿಡಬಯಸುತ್ತೇನೆ.

ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನು ತಿರುಮಲರಾಯ. ಜನರ ಬಾಯಲ್ಲಿ ಅವನು ಶ್ರೀರಂಗರಾಯ. ಅಲಮೇಲಮ್ಮ ಅವನ ಪತ್ನಿ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ರೋಗಪೀಡಿತನಾಗಿದ್ದ ರಾಯ ತಲಕಾಡು ಸೇರಿ ಅಲ್ಲಿಯೇ ತೀರಿಕೊಂಡನು. ಅಧಿಕಾರ ಹೋಯಿತು, ಗಂಡ ಹೋದನು. ಆಕೆಯ ಬಳಿ ಉಳಿದದ್ದು ಒಡವೆಗಳು ಮಾತ್ರ. ಆ ಒಡವೆಗಳನ್ನು ವಾರಕ್ಕೆ ಎರಡು ದಿನ ಶ್ರೀರಂಗಪಟ್ಟಣದ ರಂಗನಾಯಕಿಗೆ ತೊಡಿಸುವ ರೂಢಿಯಿತ್ತು ಎನ್ನುತ್ತದೆ ಕಥೆ. ಅವು ದೇವಾಲಯಕ್ಕೇ ಸೇರಬೇಕೆಂದು ಅರಮನೆಗೆ ದೂರು ಹೋಯಿತು. ಆಕೆ ಮುತ್ತಿನ ಮೂಗುತಿಯೊಂದನ್ನು ಕಳುಹಿಸಿಕೊಟ್ಟಳು. ಉಳಿದುದಕ್ಕಾಗಿ ಸೈನಿಕರು ಬಂದರು. ಒಡವೆಯ ಗಂಟನ್ನು ಕಟ್ಟಿಕೊಂಡು ಓಡಿದ ಆಕೆ, ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಸಂತಾನವಿಲ್ಲದಾಗಲಿ ಎಂದು ಶಪಿಸಿ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಆತ್ಮಹತ್ಯೆ ನಮ್ಮ ಧರ್ಮದಲ್ಲಿ ನಿಷಿದ್ಧ. ಆದರೆ ಆ ಅಬಲೆಯ ಬೆನ್ನಟ್ಟಿದವರನ್ನು ಬಿಟ್ಟು ಆಕೆಯನ್ನು ಮಾತ್ರ ವಿಚಾರಣೆಗೆ ನಿಲ್ಲಿಸುವುದು ನ್ಯಾಯವೇ?

ಆ ಕಾಲದ ಇತರ ದೇಶಗಳಲ್ಲಾಗಿದ್ದರೆ ಇದು ರಾಜದ್ರೋಹವೆನಿಸುತ್ತಿತ್ತು. ರಾಜ ಒಡೆಯರ ಸಮಕಾಲೀನನಾದ ಸ್ಕಾಟ್ಲೆಂಡಿನ ಆರನೇ ಜೇಮ್ಸ್ 1590ರಲ್ಲಿ ರಾಣಿಯೊಂದಿಗೆ ಡೆನ್ಮಾರ್ಕಿನಿಂದ ಮರಳುವಾಗ ಸಮುದ್ರದಲ್ಲಿ ಬಿರುಗಾಳಿಗೆ ಸಿಲುಕಿದನು. ಗಾಳಿ ಎಬ್ಬಿಸಿದವರು ಮಾಟಗಾತಿಯರೆಂಬ ಆರೋಪ ಹುಟ್ಟಿತು. ಆಗ್ನೆಸ್ ಸ್ಯಾಂಪ್ಸನ್ ಎಂಬ ಸೂಲಗಿತ್ತಿಯನ್ನು ದೊರೆ ತಾನೇ ವಿಚಾರಿಸಿದನು. ಚಿತ್ರಹಿಂಸೆಯಿಂದ ತಪ್ಪೊಪ್ಪಿಗೆ ಪಡೆದು, 1591ರಲ್ಲಿ ಆಕೆಯ ಕತ್ತು ಬಿಗಿದು ಕೊಂದು ಸುಟ್ಟರು. ಇಲ್ಲಿ ಆದದ್ದೇ ಬೇರೆ. ಮೈಸೂರಿನ ಅರಮನೆ ಅಲಮೇಲಮ್ಮನ ವಿಗ್ರಹವನ್ನಿರಿಸಿ ಪೂಜಿಸಿತು. ದಸರೆಯಲ್ಲಿ ಆ ಪೂಜೆ ನಡೆದುಬಂದಿದೆ. ಒಂದೆಡೆ ಬೆಂಕಿ, ಇನ್ನೊಂದೆಡೆ ಆರತಿ. ಎರಡರ ಹಿಂದೆಯೂ ಇರುವುದು ಒಂದೇ ಭಯ.

ಆಳುವವರು ತಮಗಾಗದವರ ಮೇಲೆ ಈ ಆರೋಪ ಹೊರಿಸುವುದು ಬಹಳ ಹಳೆಯ ಚಾಳಿ. ಹ. ಮೂಸಾ(ಅ)ರು ದೇವ ಸಂದೇಶ ತಂದಾಗ ಫಿರ್‌ಔನ್ ಅವರನ್ನು ಜಾದೂಗಾರನೆಂದು ಕರೆದನು. ತನ್ನ ನಾಡಿನಿಂದ ಜನರನ್ನು ಹೊರದಬ್ಬಲು ಬಂದವರೆಂದು ದೂರಿದನು. ಬನೀ ಇಸ್ರಾಈಲರನ್ನು ಗುಲಾಮರನ್ನಾಗಿಸಿಕೊಂಡಿದ್ದ ವಿಷಯವನ್ನು ಮಾತ್ರ ಎತ್ತಲಿಲ್ಲ! ಮಾಟವೆಂಬುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದು ವಿನಾಶಕಾರಿಯಾದ ಮಹಾಪಾಪಗಳಲ್ಲೊಂದು. ಪ್ರವಾದಿವರ್ಯರ(ಸ) ಮೇಲೆಯೇ ಲಬೀದ್ ಬಿನ್ ಅಅ್‌ಸಮ್ ಎಂಬವನು ಮಾಟ ಮಾಡಿದ್ದನು. ಆಗ ಅವರು ಮದೀನಾದ ಆಡಳಿತಗಾರರೂ ಆಗಿದ್ದರು, ಮಾಡಿದವನಾರೆಂಬುದೂ ಅವರಿಗೆ ತಿಳಿಯಿತು. ಆದರೂ ಪ್ರತೀಕಾರ ತೀರಿಸಿಕೊಳ್ಳಲಿಲ್ಲ. ಮಾಟದ ವಸ್ತುಗಳಿದ್ದ ಬಾವಿಯನ್ನು ಮುಚ್ಚಿಸಿ ಸುಮ್ಮನಾದರು.

ಹಾಗಾದರೆ ಅಲಮೇಲಮ್ಮನ ಶಾಪ ಫಲಿಸಿತೇ ಎಂದು ನೀವು ಕೇಳಬಹುದು. ತಲಕಾಡಿನ ಗುಡಿಗಳನ್ನು ಮರಳು ಮುಚ್ಚಿದ್ದು ನಿಜ. ನದಿಯ ತಿರುವಿನಲ್ಲಿ ಬೇಸಗೆಯಲ್ಲಿ ಒಣಗಿದ ಮರಳನ್ನು ಗಾಳಿ ಹೊತ್ತು ತಂದಿತು. ಮೇಲ್ಭಾಗದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೂ ಇದಕ್ಕೆ ಕಾರಣವೆಂದು ಸಂಶೋಧಕರು ಹೇಳುತ್ತಾರೆ. ಅರಮನೆಯಲ್ಲಿ 1865ರಲ್ಲಿ ದತ್ತು ಸ್ವೀಕಾರವಾಯಿತು, 1940ರಲ್ಲಿ ತಮ್ಮನ ಮಗ ಪಟ್ಟವೇರಿದರು, 2015ರಲ್ಲಿ ಮತ್ತೆ ದತ್ತು. ಆದರೆ ನಡುವೆ ಮಕ್ಕಳನ್ನು ಪಡೆದ ದೊರೆಗಳೂ ಇದ್ದರು. 2017ರ ಡಿಸೆಂಬರಿನಲ್ಲಿ ರಾಜಮನೆತನದಲ್ಲಿ ಗಂಡು ಮಗು ಜನಿಸಿದಾಗ ಶಾಪ ವಿಮೋಚನೆಯ ಮಾತು ಪತ್ರಿಕೆಗಳಲ್ಲೂ ಬಂತು. ಸಂತಾನವನ್ನು ಕೊಡುವವನೂ ಕೊಡದಿರುವವನೂ ಅಲ್ಲಾಹನೊಬ್ಬನೇ. ಸತ್ತವರ ಮಾತಿಗೆ ಆ ಅಧಿಕಾರವಿಲ್ಲ.

ಹಾಗೆಂದು ನೊಂದವರ ನಿಟ್ಟುಸಿರಿಗೆ ಬೆಲೆಯೇ ಇಲ್ಲವೆಂದು ತಿಳಿಯಬೇಡಿ. ಪ್ರವಾದಿವರ್ಯರು(ಸ) ಹ. ಮುಆದ್ ಬಿನ್ ಜಬಲ್(ರ)ರನ್ನು ಯಮನಿಗೆ ಕಳುಹಿಸುವಾಗ ಝಕಾತ್ ವಸೂಲಿಯ ವಿಷಯ ತಿಳಿಸಿದರು. ಜನರ ಸೊತ್ತಿನಲ್ಲಿ ಅತ್ಯುತ್ತಮವಾದುದನ್ನೇ ಆರಿಸಿ ತೆಗೆದುಕೊಳ್ಳಬಾರದೆಂದರು. ಅದರ ಬೆನ್ನಿಗೇ ಮರ್ದಿತನ ಮೊರೆಯನ್ನು ಅಂಜಬೇಕು, ಅದಕ್ಕೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲವೆಂದು ಎಚ್ಚರಿಸಿದರು. ಮರ್ದಿತನು ಸತ್ಯನಿಷೇಧಿಯಾಗಿದ್ದರೂ ಅವನ ಮೊರೆಗೆ ತಡೆಯಿಲ್ಲವೆಂದು ಇನ್ನೊಂದು ವರದಿಯಲ್ಲಿದೆ.