ಧ್ರುವ ಮುಟ್ಟದೆ ಹೆಸರಾದ ಶಾಕಲ್ಟನ್

ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದವರು ಅಮುಂಡ್ಸೆನ್. ಅಲ್ಲಿಗೆ ತಲುಪದೆಯೇ ಹೆಸರಾದವರು ಅರ್ನೆಸ್ಟ್ ಶಾಕಲ್ಟನ್.

1874ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಅವರು ಹದಿನಾರನೇ ವಯಸ್ಸಿಗೇ ಹಡಗು ಹತ್ತಿದರು. 1909ರ ಜನವರಿಯಲ್ಲಿ ಧ್ರುವ ಇನ್ನು ಸುಮಾರು 180 ಕಿ.ಮೀ. ಇರುವಾಗ ಆಹಾರ ಸಾಲದೆಂದು ಹಿಂತಿರುಗಿದರು. ಜತೆಗಿದ್ದ ಮೂವರೂ ಬದುಕಿ ಬಂದರು.

1914ರಲ್ಲಿ ಅಂಟಾರ್ಕ್ಟಿಕಾ ಖಂಡವನ್ನೇ ದಾಟಲು ಹೊರಟ ಅವರ 'ಎಂಡ್ಯೂರೆನ್ಸ್' ಹಡಗು ಮರುವರ್ಷ ವೆಡೆಲ್ ಸಮುದ್ರದ ಮಂಜುಗಡ್ಡೆಯಲ್ಲಿ ಸಿಕ್ಕಿ, ನಜ್ಜುಗುಜ್ಜಾಗಿ ಮುಳುಗಿತು. 28 ಮಂದಿ ತಿಂಗಳುಗಟ್ಟಲೆ ಮಂಜಿನ ಮೇಲೆ ಡೇರೆ ಹಾಕಿಕೊಂಡಿದ್ದರು. ಸೀಲ್, ಪೆಂಗ್ವಿನ್ ಮಾಂಸವೇ ಊಟ. 1916ರ ಏಪ್ರಿಲ್‌ನಲ್ಲಿ ಮೂರು ದೋಣಿಗಳಲ್ಲಿ ಎಲಿಫೆಂಟ್ ದ್ವೀಪ ಸೇರಿದರು. ಆ ಕಡೆ ಹಡಗುಗಳು ಬರುತ್ತಿರಲಿಲ್ಲ.

22 ಮಂದಿಯನ್ನು ಅಲ್ಲೇ ಬಿಟ್ಟು ಹೋಗುವುದೆಂದರೆ ಸುಲಭದ ತೀರ್ಮಾನವೇ? ಏಳು ಮೀಟರಿಗೂ ಚಿಕ್ಕ ದೋಣಿಯಲ್ಲಿ ಐವರೊಂದಿಗೆ ಹೊರಟರು. ದೋಣಿಯ ಮೇಲೆ ಕಟ್ಟಿದ ಮಂಜನ್ನು ಕೆತ್ತಿ ತೆಗೆಯದಿದ್ದರೆ ಅದರ ಭಾರಕ್ಕೇ ಮುಳುಗುವ ಭಯ. ಎರಡು ವಾರದ ನಂತರ ಸೌತ್ ಜಾರ್ಜಿಯಾ ಕಂಡಿತು. ಆದರೆ ಬಿರುಗಾಳಿ ದಡಕ್ಕೆ ಬಿಡಲಿಲ್ಲ. ಮೇ 10ರಂದು ಇಳಿದದ್ದೂ ಜನವಸತಿಯಿಲ್ಲದ ಮಗ್ಗುಲಲ್ಲಿ. ಮೂವರು 36 ಗಂಟೆ ಹಿಮಪರ್ವತ ದಾಟಿ ತಿಮಿಂಗಿಲ ಬೇಟೆಗಾರರ ಠಾಣೆ ಮುಟ್ಟಿದರು.

ರಕ್ಷಣೆಗೆ ಮೂರು ಬಾರಿ ಹೋದಾಗಲೂ ಮಂಜು ತಡೆಯಿತು. ನಾಲ್ಕನೆಯ ಸಲ, ಆಗಸ್ಟ್ 30ರಂದು, ಚಿಲಿ ದೇಶದ 'ಯೆಲ್ಚೊ' ಹಡಗಿನಲ್ಲಿ ಹೋಗಿ 22 ಮಂದಿಯನ್ನೂ ಕರೆತಂದರು. ಖಂಡದ ಇನ್ನೊಂದು ಬದಿಯಲ್ಲಿ ಅವರಿಗಾಗಿ ಆಹಾರ ಇಡಲು ಹೋಗಿದ್ದ ತಂಡದ ಮೂವರು ಮಾತ್ರ ಸತ್ತಿದ್ದರು. ಹೊಗಳುವವರು ಇದನ್ನು ಮರೆಯುತ್ತಾರೆ.

ಮತ್ತೊಂದು ಯಾನಕ್ಕೆ ಹೊರಟಾಗ, 1922ರ ಜನವರಿ 5ರಂದು, ಅದೇ ಸೌತ್ ಜಾರ್ಜಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಪತ್ನಿಯ ಇಚ್ಛೆಯಂತೆ ಅಲ್ಲೇ ಮಣ್ಣು ಮಾಡಲಾಯಿತು. 'ಎಂಡ್ಯೂರೆನ್ಸ್' 2022ರಲ್ಲಿ 3,008 ಮೀಟರ್ ಆಳದಲ್ಲಿ ಪತ್ತೆಯಾಯಿತು.